ಕಂಪ್ಲೇಂಟಕ್ಕನ ಸಾಯಂಕಾಲ

ಆ ಊರಿನಲ್ಲಿ ಕರೆಂಟು ಹೋಯಿತೆಂದರೆ ಜನ ಮೊದಲು ಮೇಣದಬತ್ತಿ ಹುಡುಕುತ್ತಿರಲಿಲ್ಲ, ಫೋನು ಹುಡುಕುತ್ತಿದ್ದರು. ಕಂಪ್ಲೇಂಟಕ್ಕನಿಗೆ ನಾಲ್ಕು ಮಾತು ಬೈದು ಹೊಟ್ಟೆ ತಣ್ಣಗಾದ ಮೇಲೆಯೇ ಮೇಣದಬತ್ತಿ. ವಿದ್ಯುತ್ ಕಚೇರಿಯ ಹಿಂಭಾಗದಲ್ಲಿ, ಸುಟ್ಟುಹೋದ ಟ್ರಾನ್ಸ್‌ಫಾರ್ಮರುಗಳನ್ನು ತಂದು ಹಾಕಿದ್ದ ಅಂಗಳದ ಪಕ್ಕ, ಒಂದೇ ಕಿಟಕಿಯ ಕೋಣೆಯಲ್ಲಿ ಅವಳು ಹತ್ತೊಂಬತ್ತು ವರ್ಷದಿಂದ ಕೂತಿದ್ದಳು. ಮೇಜಿನ ಮೇಲೆ ಎರಡು ಫೋನು, ದೂರಿನ ಪುಸ್ತಕ, ಯಾರೂ ಎತ್ತಿಕೊಂಡು ಹೋಗದಂತೆ ದಾರ ಕಟ್ಟಿದ ಪೆನ್ನು. ಗೋಡೆಯ ಮೇಲೆ ಊರಿನ ಲೈನುಗಳ ನಕ್ಷೆ. ಊರೆಲ್ಲ ಕತ್ತಲಾದರೂ ಆ ಕೋಣೆಯಲ್ಲಿ ಮಾತ್ರ ಬ್ಯಾಟರಿಯ ಟ್ಯೂಬ್‌ಲೈಟು ಉರಿಯುತ್ತಿತ್ತು. ಬೈಯುವವರಿಗೆ ಯಾರಾದರೂ ಉತ್ತರ ಕೊಡಬೇಕಲ್ಲ!

ಸಂಜೆ ಆರರಿಂದ ಎಂಟರವರೆಗೆ ಒಂದೊಂದು ಬಡಾವಣೆಗೆ ಸರದಿಯ ಮೇಲೆ ಕರೆಂಟು ತೆಗೆಯುತ್ತಿದ್ದರು. ಯಾವ ದಿನ ಯಾವ ಬಡಾವಣೆಗೆ ಇರುವುದಿಲ್ಲ ಎಂಬ ಪಟ್ಟಿ ಪೇಪರಿನಲ್ಲಿ ಬರುತ್ತಿತ್ತು, ಕಚೇರಿಯ ಬೋರ್ಡಿನ ಮೇಲೂ ಇರುತ್ತಿತ್ತು. ಓದುವ ತಾಳ್ಮೆ ಯಾರಿಗಿದೆ? ಆರು ಗಂಟೆ ಒಂದು ನಿಮಿಷಕ್ಕೆ ಎರಡೂ ಫೋನು ಒಟ್ಟಿಗೆ ಬಡಿದುಕೊಳ್ಳುತ್ತಿದ್ದವು.

"ಏನ್ರೀ, ಕರೆಂಟ್ ಯಾವಾಗ ಬರತ್ತೆ?"

"ಬಂದಾಗ ದೀಪ ಹತ್ತತ್ತೆ. ಆಗ ನಿಮಗೇ ಗೊತ್ತಾಗತ್ತೆ."

"ಎಲ್ಲ ನಿದ್ದೆ ಮಾಡ್ತಿದೀರೇನ್ರೀ ಅಲ್ಲಿ?"

"ಮಾಡ್ತಿದ್ವಿ. ಈಗ ನೀವು ಎಬ್ಬಿಸಿದ್ರಲ್ಲ."

"ಮೇಡಂ, ನಾಳೆ ನನಗೆ ಪರೀಕ್ಷೆ ಇದೆ."

"ವರ್ಷವೆಲ್ಲ ಕರೆಂಟ್ ಇತ್ತಲ್ಲಪ್ಪಾ, ಆಗೇನು ಕಡಲೆಕಾಯಿ ತಿಂತಿದ್ಯಾ?"

ಹುಟ್ಟುತ್ತಲೇ ಯಾರೂ ಹೀಗಿರುವುದಿಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ ಅವಳು "ದಯವಿಟ್ಟು ಸಹಕರಿಸಿ" ಎಂದು ಎಷ್ಟು ಮೆತ್ತಗೆ ಹೇಳುತ್ತಿದ್ದಳೆಂದರೆ ಜನ ಇನ್ನಷ್ಟು ಏರಿ ಬರುತ್ತಿದ್ದರು. ಅವಳ ಅಪ್ಪ ಅಮ್ಮ, ಹುಟ್ಟು, ನಡತೆ, ಒಂದನ್ನೂ ಬಿಡುತ್ತಿರಲಿಲ್ಲ. ಮುಖ ಕಾಣದಿದ್ದರೆ ಮನುಷ್ಯನ ನಾಲಿಗೆಗೆ ಎಲುಬೇ ಇಲ್ಲ, ಅದರ ಮೇಲೆ ಕತ್ತಲು ಬೇರೆ. ಫೋನಿಟ್ಟು ಬಚ್ಚಲಿಗೆ ಹೋಗಿ ಅತ್ತು, ಮುಖ ತೊಳೆದು ಬಂದು ಮತ್ತೆ ಫೋನೆತ್ತುತ್ತಿದ್ದಳು. ಅದನ್ನು ನೋಡಿದ ಒಬ್ಬ ಮುದಿ ಲೈನ್‌ಮನ್ ಒಂದು ದಿನ ಹೇಳಿದ: "ತಾಯಿ, ನಿನಗೆ ಸಂಬಳ ಕೊಡೋದು ದೂರು ಬರ್ಕೊಳ್ಳೋಕೆ. ಬೈಸ್ಕೊಳ್ಳೋಕೆ ಅಲ್ಲ. ತಿರುಗಿಸಿ ಕೊಡು." ಆ ಪುಣ್ಯಾತ್ಮ ಅದೇ ವರ್ಷ ನಿವೃತ್ತನಾಗಿ ಹೋದ. ಅವನು ಹೊತ್ತಿಸಿ ಹೋದದ್ದು ಮಾತ್ರ ಉರಿಯುತ್ತಲೇ ಇತ್ತು. ಎರಡನೆಯ ವರ್ಷದಿಂದ ಅವಳು ಯಾರಿಗೂ ಒಂದು ಮಾತು ಬಾಕಿ ಉಳಿಸಿಕೊಳ್ಳಲಿಲ್ಲ.

ಹಾಗಂತ ಕೆಲಸಗಳ್ಳಿಯಲ್ಲ. ತಂತಿ ಹರಿದು ಬಿದ್ದಿದೆ ಎಂದು ಯಾರಾದರೂ ಹೇಳಿದರೆ ಅವಳ ದನಿಯೇ ಬದಲಾಗುತ್ತಿತ್ತು. "ಹತ್ರ ಹೋಗ್ಬೇಡಿ, ಮಕ್ಕಳನ್ನ ಒಳಗೆ ಕರ್ಕೊಳ್ಳಿ" ಎಂದು ಒಂದು ಫೋನಿನಲ್ಲಿ ಹೇಳುತ್ತಲೇ ಇನ್ನೊಂದರಲ್ಲಿ ಆ ಲೈನಿನ ಕರೆಂಟು ತೆಗೆಸಿಬಿಡುತ್ತಿದ್ದಳು. ಸುಮ್ಮನೆ ಕತ್ತಲಾಯಿತೆಂದು ಅರಚುವವರನ್ನು ಕಂಡರೆ ಮಾತ್ರ ಆಗುತ್ತಿರಲಿಲ್ಲ. "ಎರಡು ಗಂಟೆ ಏನು ಮಾಡೋದು?" ಎಂದು ಕೇಳುವವರಿಗೆಂದೇ ಬಾಯಲ್ಲಿ ಒಂದು ಉಗ್ರಾಣ ಇಟ್ಟುಕೊಂಡಿದ್ದಳು. ತಾರಸಿ ಮೇಲೆ ಹೋಗಿ ನಕ್ಷತ್ರ ಎಣಿಸಿ, ತಪ್ಪಿದರೆ ಮೊದಲಿನಿಂದ ಶುರು ಮಾಡಿ. ಗೋಡೆ ಮೇಲೆ ಕೈನೆರಳಿನಲ್ಲಿ ಮೊಲ ಮಾಡಿ, ನಾಯಿ ಮಾಡಿ, ಬಂದರೆ ನಿಮ್ಮ ಯಜಮಾನರನ್ನೂ ಮಾಡಿ. ಅಂತ್ಯಾಕ್ಷರಿ ಹಾಡಿ. ಒಬ್ಬರ ಬೆನ್ನ ಮೇಲೆ ಒಬ್ಬರು ಬೆರಳಲ್ಲಿ ಬರೆದು ಏನು ಬರೆದದ್ದು ಅಂತ ಕೇಳಿ. ಅತ್ತೆಯ ಹತ್ತಿರ ಕೂತು ಅವರ ಮದುವೆಯಲ್ಲಿ ಯಾರು ಮುನಿಸಿಕೊಂಡಿದ್ದರು ಅಂತ ವಿಚಾರಿಸಿ, ಎರಡು ಗಂಟೆ ಸಾಲುವುದಿಲ್ಲ. ಎಲ್ಲವೂ ಒಳ್ಳೆಯ ಸಲಹೆಗಳೇ. ಆದರೆ ಅವಳು ಹೇಳುತ್ತಿದ್ದ ರೀತಿಗೆ ಕೇಳಿದವರ ಮೈ ಉರಿಯುತ್ತಿತ್ತು. ಮಾರನೆಯ ದಿನ ಅದೇ ಜನ ಪೇಟೆಯಲ್ಲಿ "ನಿನ್ನೆ ಆ ಹೆಂಗಸು ಏನಂದ್ಲು ಗೊತ್ತಾ" ಎಂದು ಉಪ್ಪು ಖಾರ ಹಚ್ಚಿ ಹೇಳಿಕೊಂಡು ನಗುತ್ತಿದ್ದರು.

ಊರಿಗೆಲ್ಲ ಕತ್ತಲಲ್ಲಿ ಕಾಲ ಕಳೆಯುವುದು ಹೇಳಿಕೊಟ್ಟವಳು ತನ್ನ ಮನೆಯನ್ನು ಕತ್ತಲಲ್ಲಿ ನೋಡಿಯೇ ಇರಲಿಲ್ಲ. ಮಧ್ಯಾಹ್ನ ಎರಡಕ್ಕೆ ಕೆಲಸಕ್ಕೆ ಕೂತರೆ ಏಳುವುದು ರಾತ್ರಿ ಹತ್ತಕ್ಕೆ. ವಾರಕ್ಕೊಂದು ರಜೆ ಸೋಮವಾರ, ಸೋಮವಾರ ಅವಳ ಬಡಾವಣೆಗೆ ಕರೆಂಟು ಇದ್ದೇ ಇರುತ್ತಿತ್ತು. ಆ ದಿನ ಗಂಡ ಅಂಗಡಿಯಲ್ಲಿರುತ್ತಿದ್ದ. ಅವನದು ಅದೇ ಬಡಾವಣೆಯಲ್ಲಿ, ಕೋರ್ಟಿನ ಎದುರಿನ ಜೆರಾಕ್ಸ್ ಅಂಗಡಿ, ಕರೆಂಟಿದ್ದಷ್ಟು ಹೊತ್ತು ಯಂತ್ರ ಬಿಟ್ಟು ಏಳುವ ಹಾಗಿಲ್ಲ. ಕರೆಂಟು ಹೋದ ದಿನ ಶಟರ್ ಎಳೆದು ಆರೂ ಕಾಲಿಗೆಲ್ಲ ಮನೆ ಸೇರುತ್ತಿದ್ದ. ಮಗಳು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು, ಬೆಳಿಗ್ಗೆ ಏಳಕ್ಕೆ ಹೋಗಿ ಸಂಜೆ ಐದಕ್ಕೆ ಬರುವಳು. ಸೋಮವಾರ ಸಂಜೆ ತಾಯಿ ಮಗಳು ಇಬ್ಬರೇ ಮನೆಯಲ್ಲಿ ಸಿಕ್ಕಿದರೂ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಒಬ್ಬರಿಗೊಬ್ಬರು ಮುಖ ಕೊಡುತ್ತಿರಲಿಲ್ಲ. ಗಂಡ ಬಂದ ಮೇಲೆ ಅವನ ಮೂಲಕ ಮಾತು ಓಡಾಡುತ್ತಿತ್ತು.

"ಅಪ್ಪಾ, ನನ್ನ ಬಿಳಿ ಕೋಟು ಒಗೆಯೋಕೆ ಹಾಕಿದೀನಿ ಅಂತ ಅಮ್ಮಂಗೆ ಹೇಳು."

"ನನಗೆ ಕಿವಿ ಇದೆ ಅಂತ ಅವಳಿಗೆ ಹೇಳ್ರೀ."

ಗಂಡ ಯಾರಿಗೂ ಏನೂ ಹೇಳುತ್ತಿರಲಿಲ್ಲ. ಇಬ್ಬರ ನಡುವೆ ಕೂತು ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದ.

ಮಗಳಿಗೆ ಇಷ್ಟು ಸಿಟ್ಟು ಯಾಕೆ ಎಂಬುದು ತಾಯಿಗೆ ಬಿಡಿಸಲಾಗದ ಗಂಟಾಗಿತ್ತು. ತಾನು ಕೆಲಸಕ್ಕೆ ಸೇರಿದಾಗ ಅವಳು ಐದು ವರ್ಷದ ಕೂಸು, ಈಗ ಇಪ್ಪತ್ತನಾಲ್ಕು. ಒಂದು ದಿನ ಹೊಡೆದದ್ದಿಲ್ಲ, ಉಪವಾಸ ಕೆಡವಿದ್ದಿಲ್ಲ. ಸಂಜೆ ಹೊತ್ತು ಮನೆಯಲ್ಲಿರದಿದ್ದದ್ದೊಂದೇ ತಪ್ಪು. ಅದಕ್ಕೇ ಹಗಲು ಪಾಳಿ ಕೊಡಿ ಎಂದು ಸಾಹೇಬರಿಗೆ ಮೂವತ್ತೊಂದು ಅರ್ಜಿ ಬರೆದಿದ್ದಳು. ಅರ್ಜಿಯಲ್ಲಿ 'ಕೌಟುಂಬಿಕ ಕಾರಣ' ಎಂದು ಬರೆಯುತ್ತಿದ್ದಳು. ಕಾರಣ ಇಷ್ಟೆ: ಸಂಜೆ ಆರಕ್ಕೆ ಮನೆಗೆ ಹೋಗಬೇಕು, ಕತ್ತಲಲ್ಲಿ ಮಗಳ ಪಕ್ಕ ಕೂರಬೇಕು. ಬೆಳಕಿನಲ್ಲಿ ಆಡಲಾರದ ಮಾತು ಕತ್ತಲಲ್ಲಿ ತಾನಾಗಿ ಬರುತ್ತದೆ ಎಂದು ಊರಿಗೆಲ್ಲ ಹೇಳಿ ಹೇಳಿ ಅವಳೇ ಅದನ್ನು ನಂಬಿಬಿಟ್ಟಿದ್ದಳು. ಹುಡುಗಿಗೆ ಗಂಡು ನೋಡಲು ಶುರುವಾಗಿತ್ತು. ಅವಳು ಹೊರಟು ಹೋಗುವುದರೊಳಗೆ ಅಂಥ ಒಂದಿಷ್ಟು ಸಂಜೆಗಳು ಸಿಗದಿದ್ದರೆ ಆಮೇಲೆ ಈ ಜನ್ಮಕ್ಕೆ ಸಿಗುವುದಿಲ್ಲ.

ಸಾಹೇಬರು ಅರ್ಜಿ ನೋಡಿದಾಗಲೆಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡುತ್ತಿದ್ದರು. "ನೋಡೋಣಮ್ಮ, ಮಾಡೋಣ, ಮುಂದಿನ ವರ್ಷ." ಒಳಗಿನ ಮಾತು ಬೇರೆ. ಆ ಕುರ್ಚಿಯಲ್ಲಿ ಬೇರೆ ಯಾರನ್ನು ಕೂರಿಸಿದರೂ ಮೂರು ದಿನ ತಡೆಯುತ್ತಿರಲಿಲ್ಲ. ಒಬ್ಬ ಗುಮಾಸ್ತ ರಕ್ತದೊತ್ತಡ ಏರಿಸಿಕೊಂಡು ಆಸ್ಪತ್ರೆ ಸೇರಿದ್ದ. ಇನ್ನೊಬ್ಬ ಎರಡೂ ರಿಸೀವರ್ ಕೆಳಗಿಟ್ಟು ಟೀ ಕುಡಿಯಲು ಹೋದವನು ವಾಪಸು ಬಂದಿರಲಿಲ್ಲ. ಬೈಗುಳಕ್ಕೆ ಹೆದರದ ಒಂದೇ ಒಂದು ಜೀವ ಸಿಕ್ಕಿರುವಾಗ ಬಿಡುವಷ್ಟು ಪೆದ್ದರೇ ಸಾಹೇಬರು? ಅದಕ್ಕೇ ಅವಳಿಗೆ ಊರಿನ ಮೇಲೆ ಎಷ್ಟು ಸಿಟ್ಟಿತ್ತೋ ಅದರ ಎರಡರಷ್ಟು ಸಾಹೇಬರ ಮೇಲಿತ್ತು.

ಕೊನೆಗೆ ಅರ್ಜಿಯಿಂದ ಆಗದ ಕೆಲಸವನ್ನು ಅವಳ ಬಾಯಿ ಮಾಡಿತು. ಪೇಟೆಯಲ್ಲಿ ಒಬ್ಬ ಪಾತ್ರೆ ಅಂಗಡಿ ಯಜಮಾನನಿದ್ದ. ಮೂರು ಅಂತಸ್ತಿನ ಮನೆ, ಒಂದೊಂದು ಅಂತಸ್ತಿಗೆ ಒಂದೊಂದು ಟೀವಿ. ಅವನು ಕರೆಂಟು ಹೋದಾಗಲೆಲ್ಲ ಫೋನು ಮಾಡುವವನೇ. ಆ ದಿನ ಅವನ ಗಂಟಲು ಮಾಮೂಲಿಗಿಂತ ಜೋರಾಗಿತ್ತು.

"ಏನಮ್ಮಾ, ಫ್ಯಾನಿಲ್ಲ, ಟೀವಿಯಿಲ್ಲ, ಲಿಫ್ಟಿಲ್ಲ. ಮನುಷ್ಯ ಸಾಯಂಕಾಲ ಏನು ಮಾಡ್ಬೇಕು? ನೀನೇ ಹೇಳ್ಬಿಡು ನೋಡೋಣ!"

"ಹೇಳ್ತೀನಿ, ಬರ್ಕೊಳ್ಳಿ. ಮೊದಲು ಅಡುಗೆಮನೆಗೆ ಹೋಗಿ ಹೆಂಡತಿ ಪಕ್ಕ ಕೂತ್ಕೊಳ್ಳಿ. ಕತ್ತಲಲ್ಲಿ ನಿಮ್ಮ ಮುಖ ಕಾಣಲ್ಲ, ಅವರಿಗೂ ಸ್ವಲ್ಪ ನೆಮ್ಮದಿ. ಆಮೇಲೆ ಮಕ್ಕಳನ್ನ ಕರೀರಿ, ನೀವು ಎಷ್ಟು ಸಲ ಫೇಲಾಗಿದ್ರಿ ಅಂತ ಕತೆ ಹೇಳಿ. ಅದು ಮುಗೀತಾ? ಕಣ್ಣು ಮುಚ್ಕೊಂಡು ನಿಮ್ಮ ಪಾತ್ರೆಗಳನ್ನ ತಟ್ಟಿ ನೋಡಿ, ಯಾವುದು ಗಟ್ಟಿ ಯಾವುದು ತಗಡು ಅಂತ ಗೊತ್ತಾಗತ್ತೆ. ಗಿರಾಕಿಗಳಿಗೆ ಆಗಲೇ ಗೊತ್ತಾಗಿದೆ. ಇಷ್ಟರ ಮೇಲೂ ಹೊತ್ತು ಮಿಕ್ಕಿದ್ರೆ ಐದು ನಿಮಿಷ ಬಾಯಿ ಮುಚ್ಕೊಂಡಿರಿ. ನೀವು ಹುಟ್ಟಿದಾಗಿಂದ ಅದೊಂದು ಮಾಡಿ ನೋಡಿರಲ್ಲ."

ಆ ಮನುಷ್ಯ ತನ್ನ ಮೊಬೈಲಿನಲ್ಲಿ ಅದನ್ನೆಲ್ಲ ರೆಕಾರ್ಡ್ ಮಾಡಿಕೊಂಡಿದ್ದ. ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಊರಿನ ಎಲ್ಲರ ಮೊಬೈಲಿನಲ್ಲೂ ಅದು ಹಾಡುತ್ತಿತ್ತು. ಕ್ಷೌರದಂಗಡಿಯಲ್ಲಿ ಜನ ಅದನ್ನು ಎರಡೆರಡು ಸಲ ಹಾಕಿಸಿಕೊಂಡು ಕೇಳಿದರು. ಮೇಲಿನ ಕಚೇರಿಯವರೂ ಕೇಳಿದರು. ಅವರಿಗೆ ನಗು ಬರಲಿಲ್ಲ.

ಸಂಜೆ ಐದೂ ಮುಕ್ಕಾಲಿಗೆ ಸಾಹೇಬರು ಅವಳನ್ನು ಕರೆಸಿ ಮೆಮೊ ಕೊಟ್ಟರು. ಈ ಕ್ಷಣದಿಂದ ಫೋನು ಮುಟ್ಟಬಾರದು. ನಾಳೆಯಿಂದ ಮೀಟರ್ ಗೋದಾಮಿನಲ್ಲಿ ಹಳೆ ಮೀಟರುಗಳ ಧೂಳು ಒರೆಸಿ ಪಟ್ಟಿ ಮಾಡುವ ಕೆಲಸ. ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಐದೂವರೆ.

"ಇದು ಶಿಕ್ಷೆ, ಗೊತ್ತಾಯ್ತೇನಮ್ಮಾ?" ಎಂದರು ಸಾಹೇಬರು.

"ಗೊತ್ತಾಯ್ತು. ಸೀಲು ಸರಿಯಾಗಿ ಬಿದ್ದಿಲ್ಲ, ಇನ್ನೊಂದು ಸಲ ಒತ್ತಿ ಕೊಡಿ."

ಕೋಣೆಗೆ ಬಂದು ಚೀಲ ತೆಗೆದುಕೊಂಡಳು. ಮೀಟರ್ ಓದುವ ಗುಮಾಸ್ತನೊಬ್ಬನನ್ನು ಆಗಲೇ ತಂದು ಅವಳ ಕುರ್ಚಿಯಲ್ಲಿ ಕೂರಿಸಿದ್ದರು. ಅವನ ಮುಖ ಬಿಳಿಚಿಕೊಂಡಿತ್ತು. "ಅಕ್ಕಾ, ಏನು ಹೇಳ್ಬೇಕು ಇವರಿಗೆಲ್ಲ?" ಎಂದು ಕೇಳಿದ. "ನಿನ್ನ ಬಾಯಿ, ನಿನ್ನ ಹಣೆಬರಹ" ಎಂದು ಹೇಳಿ ಹೊರಬಿದ್ದಳು. ಆರು ಗಂಟೆ ಹೊಡೆಯಿತು. ಆ ದಿನ ಅವಳದೇ ಬಡಾವಣೆಯ ಸರದಿ.

ತನ್ನ ಬಡಾವಣೆಯ ಬೀದಿಗೆ ಬಂದರೆ ಅವಳು ಹತ್ತೊಂಬತ್ತು ವರ್ಷದಿಂದ ಬೈದುಕೊಂಡು ಬಂದ ಜನ ಎದುರಿಗೇ ಇದ್ದರು. ಬಾಗಿಲ ಮುಂದಿನ ಕಟ್ಟೆಗಳ ಮೇಲೆ ಕೂತು ಬೀಸಣಿಗೆ ಬೀಸಿಕೊಳ್ಳುತ್ತಿದ್ದರು, ಮೊಬೈಲಿನ ಬೆಳಕಿನಲ್ಲಿ ಇಸ್ಪೀಟು ಆಡುತ್ತಿದ್ದರು, ಒಂದು ತಾರಸಿಯ ಮೇಲೆ ನಾಲ್ಕಾರು ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು. ಅವಳಿಗೆ ಉರಿದುಹೋಯಿತು. ಇಷ್ಟು ಚೆನ್ನಾಗಿ ಕಾಲ ಕಳೆಯುವವರು ನನಗೆ ಯಾಕೆ ಫೋನ್ ಮಾಡಿ ಪ್ರಾಣ ತಿಂದರು? ನನ್ನ ಸಂಜೆಗಳನ್ನೆಲ್ಲ ತಿಂದು ತೇಗಿ ಇಲ್ಲಿ ಗಾಳಿಗೆ ಕೂತಿದ್ದಾರೆ! ಬೈಯಬೇಕೆನಿಸಿತು, ಬೈಯಲಿಲ್ಲ. ಇವತ್ತು ಅವರ ಮೇಲೆ ಒಂದು ನಿಮಿಷವನ್ನೂ ದಂಡ ಮಾಡಲು ಅವಳಿಗೆ ಮನಸ್ಸಿರಲಿಲ್ಲ. ದಾರಿಯುದ್ದಕ್ಕೂ ಮಗಳಿಗೆ ಮೊದಲು ಏನು ಹೇಳಬೇಕೆಂದು ಜೋಡಿಸಿಕೊಳ್ಳುತ್ತ ನಡೆದಳು. 'ಶಿಕ್ಷೆ ಕೊಟ್ರು ಕಣೇ, ಇನ್ನು ದಿನಾ ಸಂಜೆ ಮನೇಲೇ' ಎನ್ನಬೇಕು. ಅವಳು ನಗುತ್ತಾಳೆ. ನಕ್ಕೇ ನಗುತ್ತಾಳೆ.

ಅವರ ಮನೆ ನಾಲ್ಕನೆಯ ಮಹಡಿ. ದಿನವೂ ರಾತ್ರಿ ಹತ್ತೂವರೆಗೆ ಕಾಲೆಳೆದುಕೊಂಡು ಏರುವವಳು ಇವತ್ತು ಗೋಡೆ ಹಿಡಿದುಕೊಂಡು ದಡದಡ ಏರಿದಳು. ಮೂರನೆಯ ಮಹಡಿ ದಾಟುವಾಗ ಮೇಲಿನಿಂದ ನಗು ಕೇಳಿಸಿತು. ಗಂಡನ ನಗು, ಎದುರು ಮನೆಯ ನರ್ಸಮ್ಮನ ನಗು, ಎರಡರ ಮೇಲೆ ಮಗಳ ನಗು. ಮಗಳು ಹೀಗೂ ನಗುತ್ತಾಳೆ ಎನ್ನುವುದೇ ಅವಳಿಗೆ ಗೊತ್ತಿರಲಿಲ್ಲ. ಕಾಲು ತಾನಾಗಿ ನಿಂತಿತು.

"ಶ್! ನಿಂತರು. ಯಾರು ಹೇಳಿ?" ಮಗಳ ದನಿ.

"ನನಗೆ ಗೊತ್ತಾಗ್ತಿಲ್ಲಪ್ಪ" ಎಂದಳು ನರ್ಸಮ್ಮ. "ಮೇಷ್ಟ್ರು ಅಲ್ಲ, ಅವರು ಎಂಟು ಮೆಟ್ಟಿಲಿಗೊಂದು ಸಲ ಕೆಮ್ತಾರೆ. ಕಂಡಕ್ಟರ್ ಅಲ್ಲ, ಅವನು ಎರಡೆರಡು ಮೆಟ್ಟಿಲು ಹಾರ್ತಾನೆ. ಯಾರೋ ಹೆಂಗಸು."

ಕಂಪ್ಲೇಂಟಕ್ಕನಿಗೆ ಅರ್ಥವಾಯಿತು. ಕತ್ತಲಲ್ಲಿ ಕೂತು, ಮೆಟ್ಟಿಲು ಏರುವವರು ಯಾರೆಂದು ಹೆಜ್ಜೆ ಸದ್ದಿನಿಂದ ಹೇಳುವ ಆಟ. ಇದು ಅವಳ ಉಗ್ರಾಣದಲ್ಲಿ ಇರದ ಆಟ.

"ನಿಮ್ಮಮ್ಮನ ಥರ ಇದೆ ಕಣೇ" ಎಂದ ಗಂಡ.

ಮಗಳು ಮತ್ತೆ ನಕ್ಕಳು. "ಅಮ್ಮನಾ? ಅಪ್ಪಾ, ಸೋಲ್ಬೇಕು ಅಂತಾನೇ ಆಡ್ತಿದೀಯಾ? ಈ ಹೊತ್ತಿಗೆ ಅಮ್ಮ ಮನೆಗೆ ಬರೋದುಂಟಾ? ಇದು ಯಾರೋ ಹೊರಗಿನವರು. ತೆಗಿ, ನಿನ್ನ ಒಂದು ಕಡ್ಡಿ ಈ ಕಡೆ ಹಾಕು."

ತಾಯಿ ಮೆಟ್ಟಿಲ ಮೇಲೆ ಹಾಗೆಯೇ ನಿಂತಳು. ಫೋನಿನಲ್ಲಿ ಇದಕ್ಕಿಂತ ಸಾವಿರ ಪಾಲು ಕೆಟ್ಟ ಮಾತು ಕೇಳಿ ಒಂದು ಕಿವಿಯಿಂದ ಇನ್ನೊಂದು ಕಿವಿಗೆ ದಾಟಿಸಿದವಳಿಗೆ ಈ ಮಾತನ್ನು ದಾಟಿಸಲಾಗಲಿಲ್ಲ. ಆಮೇಲೆ ಸಿಟ್ಟು ಬಂತು. ಸದ್ಯ, ಅದಾದರೂ ಅವಳನ್ನು ಕೈಬಿಡಲಿಲ್ಲ.

"ಹೊರಗಿನವಳು ಬಂದಿದಾಳೆ, ದಾರಿ ಬಿಡಿ" ಎಂದು ಉಳಿದ ಮೆಟ್ಟಿಲು ಏರಿ ಬಾಗಿಲಲ್ಲಿ ನಿಂತಳು.

ನಗು ಕತ್ತರಿಸಿದ ಹಾಗೆ ನಿಂತಿತು. ಯಾರ ಮುಖವೂ ಕಾಣದು. ಮೂವರೂ ಬಾಗಿಲ ಹತ್ತಿರ ಚಾಪೆ ಹಾಸಿಕೊಂಡು ಕೂತಿದ್ದರು, ನಡುವೆ ತಟ್ಟೆಯಲ್ಲಿ ಬೆಂಕಿಕಡ್ಡಿಗಳು. ಸರಿಯಾಗಿ ಹೇಳಿದವರಿಗೆ ಒಂದು ಕಡ್ಡಿ, ತಪ್ಪಿದವರದು ಒಂದು ಹೋಯಿತು. ಗಂಡ ಗಡಬಡಿಸಿ ಎದ್ದ. "ಏನಾಯ್ತೇ? ಹುಷಾರಿಲ್ವಾ?"

"ಹುಷಾರಾಗಿದೀನಿ. ಮೆಮೊ ಕೊಟ್ರು. ಫೋನಿನಿಂದ ತೆಗೆದು ಗೋದಾಮಿಗೆ ಹಾಕಿದ್ರು. ಇನ್ನು ದಿನಾ ಸಂಜೆ ಮನೇಲೇ."

ಯಾರೂ ನಗಲಿಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಬಾಗಿಲಲ್ಲೇ ಮುಗಿದುಹೋಯಿತು.

"ದಿನಾ ಸಂಜೆನಾ?" ಎಂದು ಮಗಳು ಕೇಳಿದಳು. ಆ ದನಿಯಲ್ಲಿ ಖುಷಿಯ ಒಂದು ಎಳೆಯೂ ಇರಲಿಲ್ಲ.

"ಯಾಕೆ? ನಿಮ್ಮ ಮೋಜಿಗೆ ಕಲ್ಲು ಬಿತ್ತಾ? ನಾನು ಅಲ್ಲಿ ಊರವರ ಕೈಲಿ ಉಗಿಸ್ಕೊಂಡು ಸಾಯ್ತಿದ್ರೆ ಇಲ್ಲಿ ಮೂರೂ ಜನ ಆಟ ಆಡ್ಕೊಂಡು ಕೂತಿದೀರ! ಎಷ್ಟು ವರ್ಷದಿಂದ ನಡೀತಿದೆ ಇದು? ಒಬ್ಬರಾದ್ರೂ ನನಗೆ ಒಂದು ಮಾತು ಹೇಳಿದ್ರಾ?"

"ನಿನಗೆ ಹೇಳೋದೇನು?" ಎಂದಳು ಮಗಳು. "ಈ ಆಟ ನೀನೇ ಹೇಳಿಕೊಟ್ಟಿದ್ದಲ್ವಾ?"

"ನಾನಾ? ನಾನು ಇದನ್ನ ಯಾವತ್ತೂ ಯಾರಿಗೂ ಹೇಳಿಲ್ಲ."

"ಹೇಳಿದೀಯ. ನನಗೇ ಹೇಳಿದೀಯ. ಆಗ ನನಗೆ ಏಳು ವರ್ಷ."

ಗಂಡ "ಬಿಡೇ ಈಗ" ಎಂದ. "ನೀನು ಸುಮ್ಮನಿರಪ್ಪ" ಎಂದಳು ಮಗಳು. ಆ ಮನೆಯಲ್ಲಿ ಅವನ ಮೂಲಕ ಅಲ್ಲದೆ, ನೇರವಾಗಿ, ಇಷ್ಟು ಮಾತು ತಾಯಿ ಮಗಳು ಆಡಿ ಎಷ್ಟೋ ಕಾಲವಾಗಿತ್ತು.

"ಅಪ್ಪ ಜೆರಾಕ್ಸ್ ಮೆಷಿನ್ನಿಗೆ ಪುಡಿ ತರೋಕೆ ಬೇರೆ ಊರಿಗೆ ಹೋಗಿದ್ದ. ಬಸ್ಸು ಕೆಟ್ಟು ನಿಂತಿತ್ತು. ನಾನೊಬ್ಬಳೇ. ಆರಕ್ಕೆ ಕರೆಂಟ್ ಹೋಯ್ತು. ಅಳ್ತಾ ನರ್ಸಮ್ಮನ ಮನೆಗೆ ಹೋದೆ."

"ಹೌದಕ್ಕಾ" ಎಂದಳು ನರ್ಸಮ್ಮ ಮೆಲ್ಲಗೆ. "ನಾನು ಡ್ಯೂಟಿಗೆ ಹೊರಟು ನಿಂತಿದ್ದೆ. ನಿಮ್ಮ ಆಫೀಸಿನ ನಂಬರ್ ಒತ್ತಿ ಫೋನ್ ಅವಳ ಕೈಗೆ ಕೊಟ್ಟೆ. ಅಮ್ಮನ ಹತ್ರ ಮಾತಾಡು, ಬರ್ತಾರೆ ಅಂದೆ. ಕೆಳಗೆ ನಮ್ಮ ಗಾಡಿ ಹಾರ್ನ್ ಹೊಡೀತಿತ್ತು, ಬಾಗಿಲು ಎಳ್ಕೊಂಡು ಹೋಗು ಅಂತ ಹೇಳಿ ಹೊರಟುಬಿಟ್ಟೆ. ಆಮೇಲೆ ಏನಾಯ್ತೋ ನನಗೆ ಗೊತ್ತಿಲ್ಲ."

"ಏನಾಯ್ತು ಅಂತ ನಾನು ಹೇಳ್ತೀನಿ" ಎಂದಳು ಮಗಳು. "ಆಫೀಸಿಗೆ ಫೋನ್ ಮಾಡಿ ಅಮ್ಮಾ ಅಂತ ಕರೀಬಾರದು, ಸಾಹೇಬರು ಬೈತಾರೆ, ಕರೆಂಟ್ ಇಲ್ಲದವರು ಮಾತ್ರ ಆ ನಂಬರಿಗೆ ಮಾಡ್ಬೇಕು ಅಂತ ನೀನೇ ಹೇಳಿದ್ದೆ. ನಮಗೂ ಕರೆಂಟ್ ಇರ್ಲಿಲ್ಲ. ಅದಕ್ಕೆ ಎಲ್ಲರ ಹಾಗೇ ಮಾತಾಡಿದೆ. ಹಲೋ, ನಮ್ಮನೇಲಿ ಕರೆಂಟಿಲ್ಲ, ನಾನೊಬ್ಬಳೇ ಇದೀನಿ, ಭಯ ಆಗತ್ತೆ ಅಂದೆ. ನನ್ನ ದನಿ ಕೇಳಿದ ತಕ್ಷಣ ನಿನಗೆ ಗೊತ್ತಾಗತ್ತೆ ಅಂದ್ಕೊಂಡಿದ್ದೆ."

ಕೆಳಗೆ ಯಾರೋ ಮೆಟ್ಟಿಲು ಏರಿ ಎರಡನೆಯ ಮಹಡಿಯಲ್ಲಿ ಬಾಗಿಲು ತಟ್ಟಿದರು. ಇವರು ಯಾರೂ ಅದು ಯಾರೆಂದು ಹೇಳಲಿಲ್ಲ.

"ನೀನು ಏನಂದೆ ಗೊತ್ತಾ? ಕತ್ತಲಾದ್ರೆ ಏನೀಗ, ಕತ್ತಲು ಕಚ್ಚತ್ತಾ? ಕಿವಿ ಇದೆಯಲ್ಲ, ಮೆಟ್ಟಿಲ ಮೇಲೆ ಯಾರು ಯಾರು ಬರ್ತಾರೆ ಅಂತ ಕೇಳಿಸ್ಕೋತಾ ಕೂತ್ಕೋ. ನಿಮ್ಮಮ್ಮ ಬಂದೇ ಬರ್ತಾಳೆ. ಫೋನಿಡು. ಅಷ್ಟಂದು ನೀನೇ ಇಟ್ಟೆ."

ಕಂಪ್ಲೇಂಟಕ್ಕ ಕೈಯಲ್ಲಿದ್ದ ಚೀಲವನ್ನು ನೆಲಕ್ಕಿಟ್ಟಳು.

"ಕೇಳಿಸ್ಕೋತಾ ಕೂತೆ" ಎಂದಳು ಮಗಳು. "ಇದೇ ಜಾಗದಲ್ಲಿ. ಎಲ್ಲರೂ ಬಂದ್ರು. ಮೇಷ್ಟ್ರು ಬಂದ್ರು, ಕಂಡಕ್ಟರ್ ಬಂದ, ಎರಡನೇ ಮಹಡಿ ಅಜ್ಜಿ ಬಂದ್ರು. ಒಬ್ಬೊಬ್ಬರು ಬಂದಾಗಲೂ ನೀನೇ ಅಂದ್ಕೊಂಡೆ. ಎಂಟಕ್ಕೆ ಕರೆಂಟ್ ಬಂತು. ಒಂಬತ್ತಕ್ಕೆ ಅಪ್ಪ ಬಂದ. ಅಷ್ಟು ಹೊತ್ತಿಗೆ ಈ ಬಿಲ್ಡಿಂಗಿನ ಎಲ್ಲರ ಹೆಜ್ಜೆನೂ ನನಗೆ ಬಾಯಿಪಾಠ ಆಗಿತ್ತು."

"ನನಗೆ ಗೊತ್ತಾಗ್ಲಿಲ್ಲ ಕಣೇ" ಎಂದಳು ತಾಯಿ. "ಒಂದು ಸಂಜೆಗೆ ಇನ್ನೂರು ಮುನ್ನೂರು ಫೋನು. ಯಾರದ್ದು ಯಾವ ದನಿ ಅಂತ..." ಅಷ್ಟು ಹೇಳುವಾಗಲೇ ಆ ಮಾತು ಎಷ್ಟು ಹೊಲಸಾಗಿದೆ ಎಂದು ಅವಳಿಗೇ ಕೇಳಿಸಿತು. "ಯಾಕೆ ಇಷ್ಟು ದಿನ ಹೇಳ್ಲಿಲ್ಲ?"

"ಯಾರಿಗೆ ಹೇಳೋದು? ಕಂಪ್ಲೇಂಟ್ ತಗೊಳ್ಳೋಳು ನೀನೇ ಅಲ್ವಾ?"

ಆಗಲೇ ಅವಳ ಚೀಲದಲ್ಲಿ ಮೊಬೈಲು ಬಡಿದುಕೊಂಡಿತು. ತೆರೆಯ ಬೆಳಕಿನಲ್ಲಿ ನಾಲ್ಕೂ ಮುಖ ಕಂಡವು. ಮಗಳ ಕಣ್ಣು ಒಣಗಿಯೇ ಇತ್ತು, ಗಂಡನದು ಒದ್ದೆಯಾಗಿತ್ತು. ಸಾಹೇಬರ ಫೋನು. ಅವಳು ಎತ್ತಿದಳು. ಎತ್ತುವುದು ಅವಳಿಗೆ ಅಭ್ಯಾಸ. ಸಾಹೇಬರು ಅರಚುತ್ತಿದ್ದದ್ದು ಕೋಣೆಗೆಲ್ಲ ಕೇಳಿಸುತ್ತಿತ್ತು.

"ಅಮ್ಮಾ, ಆ ಗುಮಾಸ್ತ ಅರ್ಧ ಗಂಟೆಗೇ ಫೋನ್ ಕಿತ್ತಿಟ್ಟು ಓಡಿಹೋದ! ಜನ ಆಫೀಸಿಗೇ ಬಂದುಬಿಟ್ಟಿದಾರೆ, ಗೇಟ್ ಹತ್ರ ಗಲಾಟೆ. ಮೆಮೊ ಹರಿದು ಹಾಕ್ತೀನಿ, ಮೇಲಿನವರಿಗೆ ನಾನೇ ಸಮಾಧಾನ ಹೇಳ್ತೀನಿ. ಆಟೋ ಹಿಡ್ಕೊಂಡು ಈಗಲೇ ಬಾ. ಆ ಕುರ್ಚಿಗೆ ನೀನೇ ಸರಿ ಕಣಮ್ಮಾ!"

ಹತ್ತೊಂಬತ್ತು ವರ್ಷದಲ್ಲಿ ಅವರ ಬಾಯಿಂದ ಬಂದ ಮೊದಲ ಹೊಗಳಿಕೆ. ಸುಳ್ಳೇಕೆ, ಅವಳ ಎದೆ ಒಂದು ಕ್ಷಣ ಉಬ್ಬಿತು. ಅಲ್ಲಿ ಇಡೀ ಊರಿಗೆ ಅವಳು ಬೇಕು. ಇಲ್ಲಿ ಕೂರು ಎಂದು ಹೇಳುವವರಿಲ್ಲ.

"ಹೋಗು" ಎಂದಳು ಮಗಳು. "ಜನ ಕಾಯ್ತಿದಾರೆ."

"ಸಾಹೇಬ್ರೇ" ಎಂದಳು ಕಂಪ್ಲೇಂಟಕ್ಕ. ದನಿಯನ್ನು ಅವಳು ಸಿಟ್ಟಿನಿಂದಲೇ ಗಟ್ಟಿ ಮಾಡಿಕೊಂಡಳು. "ಕುರ್ಚಿ ಖಾಲಿ ಇದೆಯಲ್ಲ, ನೀವೇ ಕೂತ್ಕೊಳ್ಳಿ. ಎರಡೂ ಫೋನ್ ಎತ್ಕೊಳ್ಳಿ. ಅವರು ಏನೇನು ಬೈತಾರೆ, ಪೂರ್ತಿ ಕೇಳಿಸ್ಕೊಳ್ಳಿ. ಚಿಕ್ಕ ಮಕ್ಕಳು ಯಾರಾದ್ರೂ ಫೋನ್ ಮಾಡಿದ್ರೆ ಇಡಬೇಡಿ, ಯಾರ ಮನೆ ಮಗು ಅಂತ ಕೇಳಿ. ನಾನು ಬರಲ್ಲ. ಇವತ್ತೂ ಬರಲ್ಲ, ನಾಳೆನೂ ಬರಲ್ಲ. ನನಗೆ ಕೊಟ್ಟ ಶಿಕ್ಷೆ ನನ್ನ ಹತ್ರಾನೇ ಇರ್ಲಿ."

ಫೋನು ಆರಿಸಿ ಚೀಲದ ತಳಕ್ಕೆ ಹಾಕಿದಳು. ಮತ್ತೆ ಕತ್ತಲಾಯಿತು.

"ನಾಳೆ ಹೋಗ್ತೀಯ" ಎಂದಳು ಮಗಳು. "ಸಾಹೇಬರು ಗೋಗರೆದ್ರೆ ಹೋಗೇ ಹೋಗ್ತೀಯ."

"ಹೋಗಲ್ಲ."

"ನೋಡೋಣ."

ನರ್ಸಮ್ಮ ಹೊರಡಲು ಎದ್ದಳು. ಮಗಳು ಅವಳ ಕೈ ಹಿಡಿದು ಕೂರಿಸಿದಳು. ಆಟ ಮುಗಿದಿಲ್ಲ, ಎಂಟಾಗುವವರೆಗೂ ಆಟ ಇದ್ದೇ ಇದೆ ಎಂದಳು. ಯಾರು ಬಂದರೂ ಯಾರು ಹೋದರೂ ತಾನು ನಿಲ್ಲಿಸುವವಳಲ್ಲ ಎಂಬ ಹಟ ಆ ದನಿಯಲ್ಲಿತ್ತು. ಗಂಡ ತಟ್ಟೆಯೊಳಗೆ ಕೈಯಾಡಿಸಿ ಕಡ್ಡಿಗಳನ್ನು ಎಣಿಸಿದ. ತಾಯಿಗೆ ಎಲ್ಲಿ ಕೂರಬೇಕೆಂದು ತಿಳಿಯಲಿಲ್ಲ. ಅದು ಅವಳದೇ ಮನೆ, ನೆಲಕ್ಕೆ ಹಾಸಿದ್ದ ಚಾಪೆಯನ್ನು ಅವಳೇ ಕೊಂಡು ತಂದದ್ದು. ಆದರೂ ಚಾಪೆಯ ಮೇಲೆ ಕೂರದೆ ಬಾಗಿಲಿಗೆ ಬೆನ್ನು ಕೊಟ್ಟು ಬರಿ ನೆಲದ ಮೇಲೆ ಕುಕ್ಕರಿಸಿದಳು. ಕ್ಷಮಿಸು ಎನ್ನಬೇಕಿತ್ತು. ಆ ಪದ ಅವಳ ಬಾಯಿಗೆ ಬಂದು ಎಷ್ಟೋ ವರ್ಷವಾಗಿತ್ತು, ಈಗಲೂ ಬರಲಿಲ್ಲ.

ಕೆಳಗೆ ಗೇಟು ಕಿರ್ರೆಂದಿತು. ಯಾರೋ ಮೆಟ್ಟಿಲಿಗೆ ಕಾಲಿಟ್ಟರು. ಮೂವರೂ ಉಸಿರು ಬಿಗಿಹಿಡಿದು ಕಿವಿಗೊಟ್ಟರು. ಅವಳೂ ಕಿವಿಗೊಟ್ಟಳು. ಹತ್ತೊಂಬತ್ತು ವರ್ಷ ಅದೇ ಮೆಟ್ಟಿಲು ಹತ್ತಿ ಇಳಿದಿದ್ದರೂ ಆ ಹೆಜ್ಜೆ ಯಾರದೆಂದು ಅವಳಿಗೆ ಗೊತ್ತಾಗಲಿಲ್ಲ.

"ಅಡ್ಡ ಕೂತಿದೀಯ" ಎಂದಳು ಮಗಳು ಸಿಡುಕಿಕೊಂಡು. "ಏನೂ ಸರಿಯಾಗಿ ಕೇಳಿಸ್ತಿಲ್ಲ. ಈ ಕಡೆ ಬಾ."

ಕಂಪ್ಲೇಂಟಕ್ಕ ನೆಲ ತಡಕಿಕೊಂಡು ಆ ಕಡೆ ಸರಿದಳು.